ಕೆನಿಲ್‌ವರ್ತ್: ಭಗ್ನ ಕೋಟೆಯೂ ಊಹಾಪಾಠವೂ

ಹಳೆಯ ಕೋಟೆಯೊಂದನ್ನು ನೋಡುವುದೆಂದರೆ ತ್ರುಟಿತ ಓಲೆಗರಿಯ ಪ್ರತಿಯನ್ನು ಓದಿದಂತೆ. ಉಳಿದುದನ್ನು ಓದಲು ಶ್ರದ್ಧೆ ಎಷ್ಟು ಬೇಕೋ, ಅಳಿದುದನ್ನು ಊಹಿಸಲು ಸಂಯಮವೂ ಅಷ್ಟೇ ಬೇಕು. ಇಂಗ್ಲೆಂಡಿನ ವಾರ್ವಿಕ್‌ಷೈರಿನಲ್ಲಿರುವ ಕೆನಿಲ್‌ವರ್ತ್ ಕೋಟೆ ಈ ಮಾತಿಗೆ ಉಚಿತ ನಿದರ್ಶನ.

12ನೆಯ ಶತಮಾನದ ಪೂರ್ವಾರ್ಧದಲ್ಲಿ ಜೆಫ್ರಿ ಡಿ ಕ್ಲಿಂಟನ್ ಸ್ಥಾಪಿಸಿದ ಈ ಕೋಟೆ 1266ರಲ್ಲಿ ಸುಮಾರು ಆರು ತಿಂಗಳ ಮುತ್ತಿಗೆಯನ್ನು ತಾಳಿಕೊಂಡಿತು. 14ನೆಯ ಶತಮಾನದ ಉತ್ತರಾರ್ಧದಲ್ಲಿ ಜಾನ್ ಆಫ್ ಗಾಂಟ್ ಭವ್ಯ ಸಭಾಂಗಣವನ್ನು ಕಟ್ಟಿಸಿ ಅದನ್ನು ಅರಮನೆಯಾಗಿಸಿದನು. ಅಂತರ್ಯುದ್ಧದ ಬಳಿಕ, 1649–50ರಲ್ಲಿ, ಮತ್ತೆ ಯಾರೂ ರಕ್ಷಣೆಗೆ ಬಳಸಬಾರದೆಂದು ಅದನ್ನು ಭಗ್ನಗೊಳಿಸಲಾಯಿತು. ಇಂದು ಸಭಾಂಗಣಕ್ಕೆ ಛಾವಣಿಯಿಲ್ಲ. ಹೊರ ಅಂಗಳದ ಪ್ರಾರ್ಥನಾಮಂದಿರದಲ್ಲಿ ಉಳಿದಿರುವುದು ಬುನಾದಿ ಮಾತ್ರ.

ಉದ್ಯಾನವಾದರೋ ಮತ್ತೆ ಹೂಬಿಟ್ಟಿದೆ. 1575ರ ಜುಲೈ ತಿಂಗಳಲ್ಲಿ 19 ದಿನ ಇಲ್ಲಿ ತಂಗಿದ್ದ ರಾಣಿ ಎಲಿಜಬೆತ್‌ಳಿಗಾಗಿ ಲೆಸ್ಟರಿನ ಅರ್ಲ್ ರಾಬರ್ಟ್ ಡಡ್ಲಿ ರೂಪಿಸಿದ್ದ ಉದ್ಯಾನವದು. ರಾಣಿ ಬೇಟೆಗೆ ತೆರಳಿದ್ದಾಗ ತೋಟಗಾರನ ಕೃಪೆಯಿಂದ ಒಳಹೊಕ್ಕವನೊಬ್ಬ ಬರೆದಂತಿರುವ ಪತ್ರವು ಅಲ್ಲಿನ ಅಮೃತಶಿಲೆಯ ಕಾರಂಜಿಯನ್ನೂ ಪಕ್ಷಿಶಾಲೆಯನ್ನೂ ವರ್ಣಿಸುತ್ತದೆ. ರಾಬರ್ಟ್ ಲ್ಯಾಂಗಮ್‌ನ ಹೆಸರಿನಲ್ಲಿರುವ ಆ ಪತ್ರದ ಕರ್ತೃತ್ವದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಉತ್ಖನನದಲ್ಲಿ ಕಾರಂಜಿಯ ಬುನಾದಿ ಗೋಚರಿಸಿದಾಗ ಬರಹಕ್ಕೆ ನೆಲವೇ ಸಾಕ್ಷಿ ನುಡಿಯಿತು. ಈ ಎರಡನ್ನೂ ಆಧರಿಸಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು ಉದ್ಯಾನವನ್ನು ಪುನಾರಚಿಸಿ 2009ರಲ್ಲಿ ತೆರೆಯಿತು.

ಇಂಥ ಪುನಾರಚನೆ ಕೃತಕವೆಂಬ ಆಕ್ಷೇಪವುಂಟು. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒಂದೊಂದು ಗಿಡದ ನೆಲೆಯನ್ನೂ ಯಾವ ಪತ್ರವೂ ಹೇಳಲಾರದು. ಅಲ್ಲೆಲ್ಲ ಊಹೆಗೆ ಎಡೆಯಿದ್ದೇ ಇದೆ. ಗ್ರಂಥಸಂಪಾದಕನಿಗೂ ಊಹಾಪಾಠ ನಿಷಿದ್ಧವಲ್ಲ. ಅದನ್ನು ಮೂಲಪಾಠದೊಡನೆ ಗುರುತು ಸಿಗದಂತೆ ಬೆರೆಸುವುದಷ್ಟೇ ಅಪರಾಧ. ಎರಡು ಸ್ವತಂತ್ರ ಸಾಕ್ಷ್ಯಗಳು ಕೂಡುವಲ್ಲಿ ಕಟ್ಟಬಹುದು. ಊಹೆಯನ್ನು ಊಹೆಯೆಂದೇ ನೋಡುಗರಿಗೆ ತಿಳಿಸಬೇಕು. ಸಾಕ್ಷ್ಯ ಸಾಲದೆಡೆ ಕೈತಡೆಯಬೇಕು.

ಈ ದೃಷ್ಟಿಯಿಂದ ಕೆನಿಲ್‌ವರ್ತಿನ ಉದ್ಯಾನದಷ್ಟೇ ಅದರ ಬಯಲಾದ ಸಭಾಂಗಣವೂ ಬರಿದಾದ ಬುನಾದಿಯೂ ಬೆಲೆಯುಳ್ಳವು. ಅವುಗಳ ಮೇಲೆ ಹೊಸ ಛಾವಣಿಯನ್ನು ಹೊದಿಸಿದ್ದರೆ ವೈಭವ ಮರಳಿದಂತೆ ತೋರುತ್ತಿತ್ತು. ಆದರೆ 1649ರ ಪೆಟ್ಟು ಮರೆಯಾಗುತ್ತಿತ್ತು. ಆ ಪೆಟ್ಟೂ ಕೋಟೆಯ ಚರಿತ್ರೆಯ ಒಂದು ಪುಟವೇ. ಲುಪ್ತವಾದ ಸಾಲಿನ ಎಡೆಯಲ್ಲಿ ಚುಕ್ಕಿಗಳನ್ನಿರಿಸುವ ಸಂಪಾದಕನು ಕವಿಗೆ ಅಪಚಾರವೆಸಗುವುದಿಲ್ಲ, ಓದುಗನನ್ನು ಗೌರವಿಸುತ್ತಾನೆ. ಸ್ಮಾರಕಗಳ ರಕ್ಷಣೆಯಲ್ಲಿ ತೊಡಗಿದವರಿಗೂ ಇದೇ ಧರ್ಮ ಸಲ್ಲುತ್ತದೆ.