ಕಣ್ಣು ಕೊಟ್ಟಿರಿ, ಕನ್ನಡದ ಚೀಟಿ ಎಲ್ಲಿ?



ನಿಮ್ಮ ಮನೆಯ ಹಿರಿಯರೊಬ್ಬರು ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಆಪರೇಷನ್, ಸಂಜೆಗೆ ಮನೆ. ಕೈಯಲ್ಲಿ ಕಪ್ಪು ಕನ್ನಡಕ, ಎರಡು ಪುಟ್ಟ ಸೀಸೆ, ಒಂದು ಚೀಟಿ. ಆ ಚೀಟಿ ಪೂರ್ತಿ ಇಂಗ್ಲಿಷ್! ಒಂದು ಸೀಸೆಯ ಮುಂದೆ 'ಕ್ಯೂ.ಐ.ಡಿ.', ಇನ್ನೊಂದರ ಮುಂದೆ 'ಬಿ.ಡಿ.' ಮೊದಲನೆಯದು ದಿನಕ್ಕೆ ನಾಲ್ಕು ಸಲ, ಎರಡನೆಯದು ಎರಡು ಸಲ. ಇದು ವೈದ್ಯರಿಗೆ ಗೊತ್ತು. ನಮ್ಮ ಅಜ್ಜಿಗೆ? ಯಾರಾದರೂ ಓದಿ ಹೇಳಿದರೂ 'ಬಿಡಿ' ಎಂದರೆ ಬಿಟ್ಟುಬಿಡಿ ಎಂದೇ ಅರ್ಥ! ನಗಬೇಡಿ, ಇದು ಕಣ್ಣಿನ ಪ್ರಶ್ನೆ.

ಪೊರೆ ತೆಗೆಯಲು ಮಾಡುವ ಗಾಯ ಈಗ ಎರಡು ಮೂರು ಮಿಲಿಮೀಟರಿನಷ್ಟು. ಬಹಳ ಸಲ ಹೊಲಿಗೆಯೂ ಇಲ್ಲ, ತಾನಾಗಿಯೇ ಕೂಡಿಕೊಳ್ಳಬೇಕು. ಅದರೊಳಗೆ ಸೋಂಕು ಹೊಕ್ಕರೆ ಬಂದ ದೃಷ್ಟಿಯೂ ಹೋದೀತು. ಅದಕ್ಕೇ ಒಂದು ಹನಿ ಸೋಂಕಿಗೆ, ಇನ್ನೊಂದು ಒಳಗಿನ ಊತಕ್ಕೆ. ಊತದ ಹನಿಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ವಾರವಾರಕ್ಕೆ ಇಳಿಸುತ್ತ ಹಾಕಬೇಕು. ಕಣ್ಣು ಕಂಡಿತಲ್ಲ ಎಂದು ನಡುವೆ ನಿಲ್ಲಿಸಿದರೆ ಊತ ಮರಳುತ್ತದೆ. ಒಳ್ಳೆಯ ಔಷಧಿ ಎಂದು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಬಹುದು. ಇಷ್ಟು ಮಾತನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಒಂದು ಆಸ್ಪತ್ರೆಗೆ ಎಷ್ಟು ಖರ್ಚಾದೀತು?

ಅವರು ಬರೆಯದಿದ್ದರೆ ನಾವು ಬರೆಯುತ್ತೇವೆ. ಕೈಯನ್ನು ಸೋಪಿನಿಂದ ತೊಳೆದೇ ಹನಿ ಹಾಕಿ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಬಿಡಿ. ಸೀಸೆಯ ತುದಿ ಕಣ್ಣಿಗೆ ತಾಗಬಾರದು. ಎರಡು ಹನಿಗಳ ನಡುವೆ ಐದು ನಿಮಿಷ ಬಿಡುವಿರಲಿ. ಕಣ್ಣುಜ್ಜುವುದು ಬೇಡ, ರಾತ್ರಿ ಕಣ್ಣಿಗೆ ಮುಚ್ಚಳ ಕಟ್ಟಿ ಮಲಗಲಿ. ತಲೆಗೆ ನೀರು ಯಾವಾಗ ಎಂದು ವೈದ್ಯರನ್ನೇ ಕೇಳಿ. ಹಬ್ಬ ಬಂತೆಂದು ಎಣ್ಣೆ ಒತ್ತಿ ಎರೆಯಲು ಹೊರಡಬೇಡಿ! ಕೊಡಪಾನ ಎತ್ತುವುದು, ಸೌದೆ ಒಲೆಯ ಹೊಗೆಗೆ ಮುಖ ಕೊಟ್ಟು ಊದುವುದು ಸೊಸೆಗೋ ಮಗನಿಗೋ ಇರಲಿ. ನಂದಬಟ್ಟಲಿನ ರಸ, ಜೇನು, ಎದೆಹಾಲು ಎನ್ನುವ ನೆರೆಮನೆಯ ಪಂಡಿತರಿಗೆ ಕೈ ಮುಗಿದು ಕಳಿಸಿಬಿಡಿ.

ಮರಳು ಬಿದ್ದಂತೆ ಕಿರಿಕಿರಿ, ಸ್ವಲ್ಪ ನೀರು ಮೊದಲ ದಿನಗಳಲ್ಲಿ ಸಹಜ. ಆದರೆ ನೋವು ಏರುತ್ತಿದ್ದರೆ, ಕೆಂಪು ಹೆಚ್ಚಿದರೆ, ಕೀವು ಕಂಡರೆ, ನಿನ್ನೆ ಕಂಡದ್ದು ಇಂದು ಮಸುಕಾದರೆ, ಬೆಳಕಿನ ಮಿಂಚು ಹೊಡೆದರೆ ಸೋಮವಾರದವರೆಗೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಓಡಿ.

2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಹೂಡಿ ಪೊರೆ ತೆಗೆದ ನಾಡಿದು. ಇಲ್ಲಿನ ರೋಗಿ ಯಾವ ಭಾಷೆಯವನೆಂದು ಆಸ್ಪತ್ರೆಗಳಿಗೆ ಹೊಸದಾಗಿ ತಿಳಿಸಬೇಕೇ?

ನಾಳೆ ನಿಮ್ಮವರನ್ನು ಕರೆತರಲು ಹೋದಾಗ ಇಂಗ್ಲಿಷ್ ಚೀಟಿ ಕೊಟ್ಟರೆ ಬಾಗಿಲು ದಾಟಬೇಡಿ. ಯಾವ ಮುಚ್ಚಳದ ಸೀಸೆ, ಎಷ್ಟು ಹೊತ್ತಿಗೆ, ಎಷ್ಟು ವಾರ, ತೊಂದರೆಯಾದರೆ ಯಾವ ಫೋನಿಗೆ ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಸಿಕೊಂಡು ಹೊರಡಿ.