ಹಳೇ ಟೂ-ಇನ್-ವನ್‌ಗೆ ಹೊಸ ಕಿವಿ

ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ನಿಮ್ಮ ಮನೆಗಳಲ್ಲಿ ಏನೇನು ಕೆಳಗಿಳಿಯಿತೋ ನಾ ಕಾಣೆ. ನಮ್ಮನೆಯಲ್ಲಿ ಇಳಿದದ್ದು ಒಂದು ಬಿರುಕುಬಿಟ್ಟ ಉಪ್ಪಿನಕಾಯಿ ಭರಣಿ, ಎರಡು ಹಿತ್ತಾಳೆ ಕೊಳಗ, ಮತ್ತೆ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ಟೂ-ಇನ್-ವನ್. 1983ರಲ್ಲಿ ನಮ್ಮಣ್ಣ ಮಸ್ಕತ್‌ನಿಂದ ತಂದುಕೊಟ್ಟದ್ದು. ಎರಡು ಬದಿಗೂ ತಟ್ಟೆಯಗಲದ ಸ್ಪೀಕರ್, ನಡುವೆ ಕ್ಯಾಸೆಟ್ಟಿನ ಬಾಗಿಲು, ಮೇಲೊಂದು ಹಿಡಿ. ಆಗ ನಮ್ಮ ಬೀದಿಗೆಲ್ಲ ಅದೊಂದೇ. ಅದಕ್ಕೆಂದೇ ನಾನು ಕ್ರೋಶಾದಲ್ಲಿ ಹೊದಿಕೆ ಹೆಣೆದಿದ್ದೆ ಅಂದರೆ ಅದರ ಮರ್ಯಾದೆ ಎಷ್ಟಿತ್ತು, ನೀವೇ ಊಹಿಸಿಕೊಳ್ಳಿ!

"ಗುಜರಿಯವನಿಗೆ ಕೊಟ್ಟುಬಿಡು, ತೂಕದ ಲೆಕ್ಕದಲ್ಲಿ ತಗೋತಾನೆ" ಅಂದರು ನಮ್ಮ ಯಜಮಾನರು.

ಮಂಚದ ಮೇಲಿಂದ ಅತ್ತೆಯ ದನಿ ಬಂತು: "ಹಾಗಾದ್ರೆ ನನ್ನನ್ನೂ ಅದರ ಜೊತೆಗೇ ತಕ್ಕಡಿಗೆ ಹಾಕಿ."

ಅಲ್ಲಿಗೆ ಗುಜರಿಯ ಮಾತು ಮುಗಿಯಿತು.

ನಮ್ಮತ್ತೆಗೆ ಈಗ 88. ಕಣ್ಣು ಮಂಜು, ಹಾಗಾಗಿ ಟೀವಿ ಇದ್ದೂ ಇಲ್ಲದ ಹಾಗೆ. ಮೊಬೈಲ್ ಫೋನು ಕೈಗೆ ಕೊಟ್ಟರೆ, "ಇದೇನೇ, ಸೋಪಿನ ಹಾಗೆ ಜಾರ್ತದೆ" ಅನ್ನುತ್ತಾರೆ. ಅದರಿಂದ ಬರುವ ಸಣ್ಣ ದನಿ ಅವರ ಕಿವಿಗೆ ಸೊಳ್ಳೆ ಗುಂಯ್‌ಗುಟ್ಟಿದಂತೆ. ಮೆಲ್ಬರ್ನ್‌ನಲ್ಲಿರುವ ನನ್ನ ಮಗಳು ವಾರಕ್ಕೆರಡು ಸಲ ಅಜ್ಜಿಗೆಂದು ಮಾತು ಮುದ್ರಿಸಿ ಕಳಿಸುತ್ತಾಳೆ. ಅದನ್ನು ನಾನು ಕೇಳಿ, ಮತ್ತೆ ಅವರ ಕಿವಿಯ ಹತ್ತಿರ ಕೂಗಿ ಹೇಳಬೇಕು. ಮೊಮ್ಮಗಳ ಮಾತು ಸೊಸೆಯ ಬಾಯಲ್ಲಿ ಬಂದರೆ ರುಚಿ ಹೇಗಿದ್ದೀತು ಹೇಳಿ!

ಸೆಟ್ಟನ್ನು ಒರೆಸಿ ಕರೆಂಟಿಗೆ ಹಾಕಿದೆವು. ದೀಪ ಹತ್ತಿತು. ಆದರೆ ರೇಡಿಯೋದಲ್ಲಿ ಬರೀ ಕರಕರ. ಈಗಿನ ಎಲ್‌ಇಡಿ ಬಲ್ಬು, ಫೋನಿನ ಚಾರ್ಜರುಗಳು ಮೀಡಿಯಂ ವೇವ್‌ಗೆ ಗದ್ದಲ ತುಂಬುತ್ತವಂತೆ. ಕ್ಯಾಸೆಟ್ ಹಾಕಿದರೆ ಅದು ತಿರುಗಲೇ ಇಲ್ಲ. ಹಬ್ಬಕ್ಕೆ ಬೆಂಗಳೂರಿನಿಂದ ಬಂದಿದ್ದ ಮಗ, "ಅಮ್ಮಾ, ಇದಕ್ಕೆ ಬ್ಲೂಟೂತ್ ಸೇರಿಸೋಣ. ಫೋನಿಂದ ತಂತಿಯಿಲ್ಲದೆ ಇದಕ್ಕೆ ಹಾಡು ಬರ್ತದೆ. ಆಕಾಶವಾಣಿಯೂ ಈಗ ಫೋನಿನಲ್ಲೇ ಬರ್ತದಲ್ಲ" ಅಂದ.

ಬ್ಲೂಟೂತ್ ಅಂದರೆ ನೀಲಿ ಹಲ್ಲು. ಹತ್ತನೇ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ದೊರೆಗೆ ಇದ್ದ ಅಡ್ಡಹೆಸರು ಅದು. ಬೇರೆಬೇರೆ ಪಂಗಡಗಳನ್ನು ಅವನು ಒಂದುಗೂಡಿಸಿದ ಹಾಗೆ ಬೇರೆಬೇರೆ ಯಂತ್ರಗಳನ್ನು ಇದು ಜೋಡಿಸಲಿ ಅಂತ 1996ರಲ್ಲಿ ಈ ಹೆಸರು ಸೂಚಿಸಿದರಂತೆ. ಇದನ್ನು ಹೇಳಿದರೆ ಅತ್ತೆ, "ಎಲೆಅಡಿಕೆ ಹಾಕಿದ್ರೆ ಕೆಂಪಾಗ್ಬೇಕು, ನೀಲಿ ಹೇಗಾಯ್ತೋ ಅವನಿಗೆ?" ಅಂದರು. ನಮ್ಮ ಸಾಗರದ ಕಡೆಯವರಿಗೆ ಬರಬೇಕಾದ ಸಂದೇಹವೇ!

ಸೆಟ್ಟನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ದೆವು. ಅವರು ಬಿಚ್ಚಿ ನೋಡಿ, "ನೋಡಿ ಅಕ್ಕ, ಒಳಗೆ ಜಾಗ ಇಲ್ಲ. ಈ ಕ್ಯಾಸೆಟ್ ಭಾಗ ಪೂರ್ತಿ ತೆಗೆದುಬಿಡ್ತೀನಿ, ಅಲ್ಲೇ ಬ್ಲೂಟೂತ್ ಬೋರ್ಡು ಕೂರಿಸ್ತೀನಿ. ಈಗ ಯಾರು ಕ್ಯಾಸೆಟ್ ಹಾಕ್ತಾರೆ?" ಅಂದರು. ಮಾತೇನೋ ಸರಿ. ನಾನೂ ಹೂಂ ಅನ್ನುವವಳೇ. ಅಷ್ಟರಲ್ಲಿ ನೆನಪಾಯಿತು, ಕಪಾಟಿನ ಕೆಳಗಿನ ಖಾನೆಯ ಬಿಸ್ಕತ್ತಿನ ಡಬ್ಬಿ. ಅದರಲ್ಲಿ 1986ರಲ್ಲಿ ನಮ್ಮ ನಾದಿನಿಯ ಮದುವೆಯ ಕ್ಯಾಸೆಟ್ಟಿದೆ. ಹಸೆಯ ಮುಂದೆ ಕೂತು ನಮ್ಮತ್ತೆ ಮತ್ತು ಅವರ ಓರಗಿತ್ತಿ ಹಾಡಿದ ಹಾಡುಗಳಿವೆ. ಆ ದೊಡ್ಡತ್ತೆ ತೀರಿಕೊಂಡು ಹದಿನೈದು ವರ್ಷವಾಯಿತು. ಅವರದೊಂದು ಒಳ್ಳೆಯ ಫೋಟೋ ಕೂಡ ನಮ್ಮಲ್ಲಿಲ್ಲ. ಇರುವುದು ಆ ದನಿಯೊಂದೇ.

"ಬೇಡಿ, ಕ್ಯಾಸೆಟ್ ತೆಗೀಬೇಡಿ. ಅದನ್ನೇ ಮೊದಲು ಸರಿಮಾಡಿ" ಅಂದೆ.

ಕೆಟ್ಟಿದ್ದು ದೊಡ್ಡದೇನೂ ಅಲ್ಲ. ಮೋಟಾರಿನಿಂದ ಚಕ್ರಕ್ಕೆ ಹೋಗುವ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಹಳೇ ಸೆಟ್ಟುಗಳಲ್ಲಿ ಇದು ಸಾಮಾನ್ಯ. ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆದು, ಅದೇ ಅಳತೆಯ ಹೊಸ ಬೆಲ್ಟು ಹಾಕಿದರು. ಟೇಪು ತಾಗುವ ಹೆಡ್ಡನ್ನೂ ಒರೆಸಿಕೊಟ್ಟರು. ಬೆಲ್ಟಿನ ಬದಲು ಮನೆಯ ರಬ್ಬರ್ ಬ್ಯಾಂಡು ಹಾಕಿ ನೋಡುವ ಉಪಾಯ ಮಾತ್ರ ಬೇಡಿ. ವೇಗ ಏರುಪೇರಾಗಿ ಹಾಡುವವರಿಗೆ ನೆಗಡಿಯಾದಂತೆ ಕೇಳುತ್ತದೆ.

ಇನ್ನು ಬ್ಲೂಟೂತಿನ ಗತಿ? ಮನೆಗೆ ತಂದ ಮೇಲೆ ಮಗ ಟಾರ್ಚು ಬಿಟ್ಟು ಸೆಟ್ಟಿನ ಬೆನ್ನು ಒರೆಸುತ್ತಿದ್ದ. ಧೂಳಿನಡಿ ಎರಡು ದುಂಡು ತೂತು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಲೈನ್ ಇನ್' ಅಂತ ಬರಹ! ಹೊರಗಿನ ಸದ್ದನ್ನು ಒಳಗೆ ತೆಗೆದುಕೊಳ್ಳಲೆಂದೇ ತಯಾರಿಸಿದವರು ಇಟ್ಟ ಬಾಗಿಲು ಅದು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಬೆಂಕಿಪೊಟ್ಟಣದಷ್ಟು ಪುಟ್ಟ ಬ್ಲೂಟೂತ್ ರಿಸೀವರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಿಂದ ಒಂದು ವೈರು ಈ ತೂತುಗಳಿಗೆ. ಸೆಟ್ಟಿನ ಗುಂಡಿಯನ್ನು 'ಲೈನ್ ಇನ್'ಗೆ ತಿರುಗಿಸಿ, ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ರಿಸೀವರಿನ ಹೆಸರು ಒತ್ತಿದರೆ ಮುಗಿಯಿತು. ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ.

ನಿಮ್ಮ ಮನೆಯ ಸೆಟ್ಟಿನಲ್ಲೂ ಹೀಗೇ ಹುಡುಕಿ. ದಾರಿಗಳು ಮೂರು:

1. ಬೆನ್ನಿನಲ್ಲಿ 'ಲೈನ್ ಇನ್' ಅಥವಾ 'ಆಕ್ಸ್' ಇದ್ದರೆ ಅದೇ ಉತ್ತಮ. ಕೆಲವು ಸೆಟ್ಟುಗಳಲ್ಲಿ ಐದು ಕಿರುತೂತುಗಳ ದುಂಡು ಸಾಕೆಟ್ ಇರುತ್ತದೆ, ಅದಕ್ಕೆ ಹೊಂದುವ ವೈರನ್ನು ಅಂಗಡಿಯವರಿಗೆ ತೋರಿಸಿ ಕೇಳಿ. 'ಮೈಕ್' ಎಂದಿರುವ ತೂತಿಗೆ ಮಾತ್ರ ಹಾಕಬೇಡಿ. ಅದು ತೀರ ಸಣ್ಣ ದನಿಯನ್ನು ದೊಡ್ಡದು ಮಾಡುವ ಜಾಗ. ಅಲ್ಲಿಗೆ ಹಾಕಿದರೆ ಹಾಡು ಒಡೆದು ಬರುತ್ತದೆ.

2. ಅದಿಲ್ಲದಿದ್ದರೆ ಕ್ಯಾಸೆಟ್ ಅಡಾಪ್ಟರ್. ನೋಡಲು ಕ್ಯಾಸೆಟ್ಟಿನಂತೆಯೇ ಇದೆ, ಒಳಗೆ ಟೇಪಿಲ್ಲ. ಅದರೊಳಗಿನ ಪುಟ್ಟ ಹೆಡ್ಡು ಸೆಟ್ಟಿನ ಹೆಡ್ಡಿಗೆ ತಾಗಿ ಅಯಸ್ಕಾಂತದ ಮೂಲಕ ಸದ್ದು ದಾಟಿಸುತ್ತದೆ. ತಂತಿಯಿಲ್ಲದೆ ಬ್ಲೂಟೂತಿನಲ್ಲೇ ಕೆಲಸ ಮಾಡುವವೂ ಇವೆ. ಇದಕ್ಕೆ ಕ್ಯಾಸೆಟ್ ಭಾಗ ಸುಸ್ಥಿತಿಯಲ್ಲಿರಬೇಕು. ಹಿನ್ನೆಲೆಯಲ್ಲಿ ಸ್ವಲ್ಪ ಗರಗರ ಸದ್ದು ಇದ್ದೇ ಇರುತ್ತದೆ.

3. ಕೊನೆಯದು, ಒಳಗೇ ಬೋರ್ಡು ಕೂರಿಸಿ ವಾಲ್ಯೂಮ್ ಕಂಟ್ರೋಲಿಗೆ ಬೆಸುಗೆ ಹಾಕಿಸುವುದು. ಇದು ತಿಳಿದವರ ಕೆಲಸ. ಇಂಥ ಬೋರ್ಡಿಗೆ ಸಾಮಾನ್ಯವಾಗಿ 5 ವೋಲ್ಟ್ ಸಾಕು, ಸೆಟ್ಟಿನೊಳಗೆ ಅದಕ್ಕಿಂತ ಹೆಚ್ಚಿರುತ್ತದೆ, ಇಳಿಸಿ ಕೊಡಬೇಕು. ಒಂದೇ ಕಡೆಯಿಂದ ಎರಡಕ್ಕೂ ಕರೆಂಟು ಕೊಟ್ಟರೆ ಹಾಡಿನ ಜೊತೆ 'ಗುಂಯ್' ಎಂಬ ಸದ್ದು ಬರುವುದುಂಟು. ಬೋರ್ಡಿಗೆ ಬೇರೆ ಬ್ಯಾಟರಿ ಕೊಟ್ಟರೆ ಹೋಗುತ್ತದೆ. ಒಂದೇ ಸ್ಪೀಕರಿನ ಸೆಟ್ಟಾದರೆ ಎಡ-ಬಲದ ತಂತಿಗಳನ್ನು ನೇರ ಹೊಸೆಯದೆ, ತಲಾ ಒಂದು ರೆಸಿಸ್ಟರ್ ಮೂಲಕ ಸೇರಿಸಲು ಹೇಳಿ.

ಇಷ್ಟೆಲ್ಲ ಆಗಿ ಅತ್ತೆಯ ಮಂಚದ ಪಕ್ಕ ಸೆಟ್ಟು ಕೂತಿತು. ಬೆಳಿಗ್ಗೆ ಫೋನಿನಲ್ಲಿ ಆಕಾಶವಾಣಿ ಹಚ್ಚಿಟ್ಟರೆ ಹಳೇ ಸ್ಪೀಕರಿನಿಂದ ಕನ್ನಡ ವಾರ್ತೆ ಗಂಭೀರವಾಗಿ ಹೊರಡುತ್ತದೆ. "ಈಗ ಬಂತು ನೋಡು ದನಿ" ಎಂದು ಅತ್ತೆ ಕಾಲು ನೀಡಿಕೊಂಡರು.

ಮೂರನೇ ದಿನ ನನ್ನ ಗ್ರಹಚಾರ. ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಾ, ತಂಗಿ ಕಳಿಸಿದ್ದ ಮಾತನ್ನು ಕೇಳೋಣ ಅಂತ ಫೋನು ಒತ್ತಿದೆ. ಫೋನು ಸುಮ್ಮನಿತ್ತು. ನಡುಮನೆಯಲ್ಲಿ ನನ್ನ ತಂಗಿ ಗುಡುಗಿದಳು: "ನಿಮ್ಮತ್ತೆ ಆ ಡಬ್ಬಾನ ಇನ್ನೂ ಬಿಡ್ಲಿಲ್ವೇನೇ ಅಕ್ಕ? ನಿಂಗೂ ಸಾಕಾಗಿರ್ಬೇಕು!"

ಸೌಟು ಕೆಳಗೆ ಬಿತ್ತು. ಓಡಿದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. "ನಿನ್ನ ತಂಗಿಗೆ ಹೇಳು," ಅಂದರು, "ಡಬ್ಬ ಬಿಟ್ಟಿಲ್ಲ, ಈಗ ಅವಳ ಮಾತೂ ಅದರಲ್ಲೇ ಬರ್ತದೆ ಅಂತ." ಆಮೇಲೆ, "ದೋಸೆ ಸೀದು ಹೋಗ್ತಾ ಇದೆ" ಅಂದರು. ಆದ್ದರಿಂದ ಸೋದರಿಯರೇ, ಗುಟ್ಟಿನ ಮಾತು ಕೇಳುವ ಮುಂಚೆ ಫೋನಿನ ಬ್ಲೂಟೂತ್ ಆರಿಸಿ. ಇದರ ಅಲೆ ಹತ್ತು ಮೀಟರಿನವರೆಗೆ ಸಲೀಸಾಗಿ ಹೋಗುತ್ತದೆ, ಅಡುಗೆಮನೆಯ ಗೋಡೆ ಅದಕ್ಕೆ ಲೆಕ್ಕವೇ ಅಲ್ಲ!

ಅದೇ ಸಂಜೆ ಬಿಸ್ಕತ್ತಿನ ಡಬ್ಬಿ ತೆಗೆದೆ. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳಿರುತ್ತವೆ. ಅವನ್ನು ಮುರಿದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿ ಅಳಿಸಿಹೋಗುವ ಭಯವಿಲ್ಲ. ಅವನ್ನು ಮುರಿದು, ಸೆಟ್ಟಿನ ಹೆಡ್‌ಫೋನ್ ತೂತಿನಿಂದ ಮಗನ ಕಂಪ್ಯೂಟರಿಗೆ ವೈರು ಹಾಕಿ, ದನಿ ಸಣ್ಣದಿಟ್ಟು ಮೊದಲ ಸಲಕ್ಕೇ ಪ್ರತಿ ಮಾಡಿಕೊಂಡೆವು. ಹಳೇ ಟೇಪು ಎರಡನೇ ಸಲ ಓಡುತ್ತದೆಂಬ ಭರವಸೆಯೇನು?

ಆಮೇಲೆ ವೈರು ತೆಗೆದು ದೊಡ್ಡದಾಗಿ ಹಾಕಿದೆವು. ಮೊದಲು ಮದುವೆ ಮನೆಯ ಗಲಾಟೆ, ಯಾವುದೋ ಮಗು ಅಳುವುದು, ಬಳೆ ಸದ್ದು. ಆಮೇಲೆ ಅತ್ತೆಯ ದನಿ, ಅದರ ಹಿಂದೆಯೇ ದೊಡ್ಡತ್ತೆಯದು. ಅತ್ತೆ ಮಂಚದಲ್ಲಿ ಎದ್ದು ಕೂತರು. "ಅವಳು ಯಾವಾಗ್ಲೂ ಒಂದು ಉಸಿರು ಹಿಂದೆ. ಎಷ್ಟು ಬೈದಿದ್ದೆ ಅದಕ್ಕೆ" ಅಂದರು. ಮತ್ತೇನೂ ಹೇಳಲಿಲ್ಲ. ಹಾಡು ಮುಗಿದ ಮೇಲೂ ಟೇಪು ಸುಮ್ಮನೆ ಓಡುತ್ತಿತ್ತು, ನಿಲ್ಲಿಸಲು ನಮ್ಮಲ್ಲಿ ಯಾರೂ ಏಳಲಿಲ್ಲ.

ಆ ಪ್ರತಿಯನ್ನು ಮಗಳಿಗೆ ಕಳಿಸಿದೆವು. ಹದಿನೈದು ದಿನಕ್ಕೆ ಅವಳು ಅದನ್ನು ಕಲಿತು ಹಾಡಿ ಕಳಿಸಿದ್ದಾಳೆ. ಅತ್ತೆ ಸೆಟ್ಟಿನ ಮುಂದೆ ಕೂತು ಪೂರ್ತಿ ಕೇಳಿ, "ಮೂರನೇ ಸಾಲಿನಲ್ಲಿ ಅಷ್ಟು ಎಳೀಬಾರ್ದು ಅಂತ ಹೇಳೇ" ಅಂದರು. ಈಗ ವಾರಕ್ಕೆರಡು ಸಲ ಪಾಠ ನಡೆದಿದೆ.

ಕೊನೆಯಲ್ಲಿ ನಾಲ್ಕು ಕಿವಿಮಾತು:

• ಹೊರದೇಶದಿಂದ ಬಂದ ಸೆಟ್ಟಾದರೆ ಕರೆಂಟಿಗೆ ಹಾಕುವ ಮೊದಲು ಹಿಂಬದಿಯ ವೋಲ್ಟೇಜ್ ಗುಂಡಿ ನೋಡಿ. 110ರಲ್ಲಿದ್ದರೆ ಸುಟ್ಟುಹೋಗುತ್ತದೆ, 220 ಅಥವಾ 240ಕ್ಕೆ ತಿರುಗಿಸಿ. ವೈರು ಬಿರುಕುಬಿಟ್ಟಿದ್ದರೆ ಬದಲಿಸಿ.

• ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರಬಹುದು. ನೀವಾಗಿ ಬಿಚ್ಚಬೇಡಿ.

• ದೊಡ್ಡ ಸೆಲ್ಲು ಸೋರಿ ತಗಡಿನ ಮೇಲೆ ಪುಡಿ ಕಟ್ಟಿದ್ದರೆ, ಅಡುಗೆಸೋಡದ ನೀರಿನಲ್ಲಿ ಹತ್ತಿ ಅದ್ದಿ ಹಿಂಡಿ ಒರೆಸಿ, ಚೆನ್ನಾಗಿ ಒಣಗಿಸಿ. ಸೆಟ್ಟು ಮೂಲೆಗಿಡುವಾಗ ಸೆಲ್ಲು ತೆಗೆದಿಡುವುದು ಇನ್ನೂ ಮೇಲು.

• ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆಯೇ? ಸೆಟ್ಟು ಆರಿಸಿ ಗುಂಡಿಯನ್ನು ಇಪ್ಪತ್ತು-ಮೂವತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಅನೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಮುಂದಿನ ಹಬ್ಬಕ್ಕೆ ಅಟ್ಟ ಹತ್ತಿದಾಗ, ಗುಜರಿಯವನನ್ನು ಕೂಗುವ ಮುಂಚೆ ಸೆಟ್ಟಿನ ಬೆನ್ನು ಒಮ್ಮೆ ಒರೆಸಿ ನೋಡಿ. ಕ್ರೋಶಾ ಹೊದಿಕೆಯನ್ನು ನಾನು ಮತ್ತೆ ಹೆಣೆಯಲು ಶುರುಮಾಡಿದ್ದೇನೆ, ಈ ಸಲ ಹಿಂದೆ ವೈರಿಗೆ ಒಂದು ಕಂಡಿ ಬಿಟ್ಟು.