ವೃದ್ಧರ ಬಚ್ಚಲುಮನೆಯ ಖರ್ಚು ಯಾರ ತಲೆಗೆ?

ದುಡಿದ ಮೈಗೆ ನಾಲ್ಕು ಚೊಂಬು ಬಿಸಿನೀರು ಎಷ್ಟು ಹಿತವೆಂಬುದನ್ನು ಗಿರಣಿ ಕಾರ್ಮಿಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಳಿ ಮುಗಿಸಿ ಬಂದು ಹತ್ತಿಯ ಧೂಳು ತೊಳೆದುಕೊಳ್ಳುತ್ತಿದ್ದ ಅದೇ ಬಚ್ಚಲುಮನೆಗೆ ಎಪ್ಪತ್ತರ ವಯಸ್ಸಿನಲ್ಲಿ ಕಾಲಿಡಲು ಅವನು ಹೆದರುತ್ತಾನೆ. ಅಂಗಡಿಯ ಗಲ್ಲದ ಮುಂದೆ ಆಯುಷ್ಯ ಕಳೆದ ಸಣ್ಣ ವ್ಯಾಪಾರಿಯ ಪಾಡೂ ಇದೇ. ಮನೆಯ ತಾಯಂದಿರು ಹೆದರಿಕೆಯನ್ನು ಹೇಳಿಕೊಳ್ಳುವುದೂ ಇಲ್ಲ. ದಿನದ ಸ್ನಾನವನ್ನು ಸದ್ದಿಲ್ಲದೆ ವಾರಕ್ಕೊಮ್ಮೆಗೆ ಇಳಿಸುತ್ತಾರೆ.

ಹೆದರಿಕೆಗೆ ಕಾರಣ ಕಣ್ಣೆದುರಿಗೇ ಇದೆ. ದಾಟಲು ಎತ್ತರದ ಕಟ್ಟೆ, ಸೋಪಿನ ನೀರಿಗೆ ಜಾರುವ ನುಣುಪು ಕಲ್ಲು, ಒಳಕ್ಕೆ ತೆರೆಯುವ ಬಾಗಿಲು. ಆಯ ತಪ್ಪಿದಾಗ ಕೈಗೆ ಸಿಗುವುದು ಟವೆಲಿನ ಸರಳು. ಆಳಿನ ಭಾರಕ್ಕೆ ಅದು ಕಿತ್ತು ಬರುತ್ತದೆ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗಿ, ಹೊರಗಿನವರು ಒಳಗೆ ಹೋಗಲಾರದೆ ಒದ್ದಾಡುತ್ತಾರೆ.

ಇದನ್ನು ಸರಿಪಡಿಸಲು ಏನು ಬೇಕು? ಲೆಕ್ಕ ಹಾಕಿ ನೋಡೋಣ. ಐದಡಿ ಉದ್ದ, ಆರಡಿ ಅಗಲದ ಬಚ್ಚಲೆಂದರೆ 30 ಚದರಡಿ ನೆಲ. ಜಾರದ ಒರಟು ಟೈಲ್ಸಿಗೆ 1,800 ರೂಪಾಯಿ. ಕಟ್ಟೆ ಒಡೆದು, ನೀರು ಮೋರಿಗೆ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಡಲು ಸಿಮೆಂಟು, ಮರಳು, ಜಾಲರಿ ಇತ್ಯಾದಿಗೆ 2,500. ಮೇಸ್ತ್ರಿಗೂ ಕೈಯಾಳಿಗೂ ಮೂರು ದಿನದ ಕೂಲಿ 4,500. ಇಟ್ಟಿಗೆ ಗೋಡೆಗೆ ಭದ್ರವಾಗಿ ತಿರುಪು ಹಾಕಿ ಕೂರಿಸುವ ಎರಡು ಸ್ಟೀಲ್ ಹಿಡಿಗಂಬಿಗೆ 2,000. ಕುಳಿತೇ ಮೈಮೇಲೆ ನೀರು ಬಿಟ್ಟುಕೊಳ್ಳಲು ಉದ್ದ ಕೊಳವೆಯ ಕೈ ಷವರಿಗೆ 1,200. ಜಾರದ ಕಾಲಿನ ಗಟ್ಟಿ ಸ್ಟೂಲಿಗೆ 1,000. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಲು 1,000. ಒಟ್ಟು 14,000 ರೂಪಾಯಿ. ಊರಿಂದೂರಿಗೆ ಹೆಚ್ಚು ಕಡಿಮೆಯಾದೀತು, ಅಂದಾಜು ಇಷ್ಟು.

ಉಳ್ಳವರಿಗೆ ಇದು ಒಂದು ಮದುವೆಯ ಉಡುಗೊರೆಯ ಹಣ. ದುಡಿದು ಸವೆದವರಿಗೆ? ಪ್ರಾವಿಡೆಂಟ್ ಫಂಡಿನ ಪಿಂಚಣಿಗೆ 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಮಿತಿಯನ್ನು ಗೊತ್ತುಮಾಡಿದರು. ಹತ್ತು ವರ್ಷ ಕಳೆದು 2024 ಬಂದಾಗಲೂ ಅದು ಅಷ್ಟೇ ಇತ್ತು. ಆ ಹಣದಲ್ಲಿ ಬಚ್ಚಲು ಸರಿಪಡಿಸಬೇಕಾದರೆ ಹದಿನಾಲ್ಕು ತಿಂಗಳು ಊಟ, ಔಷಧ ಎರಡನ್ನೂ ಬಿಡಬೇಕು. ಸಂಧ್ಯಾ ಸುರಕ್ಷಾದ 1,200 ರೂಪಾಯಿ ನಂಬಿದವರು ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು.

ಸರ್ಕಾರ ಏನೂ ಕೊಡುವುದಿಲ್ಲವೆಂದು ನಾವು ಹೇಳುವುದಿಲ್ಲ. 2017ರ ವಯೋಶ್ರೀ ಯೋಜನೆಯಲ್ಲಿ ಬಡ ವೃದ್ಧರಿಗೆ ಊರುಗೋಲು, ಗಾಲಿಕುರ್ಚಿ, ಕನ್ನಡಕ, ಶ್ರವಣಯಂತ್ರ ಸಿಗುತ್ತವೆ. ಆದರೆ ಆ ಊರುಗೋಲು ಊರುವ ನೆಲಕ್ಕೆ ಅದರಲ್ಲಿ ಕಾಸಿಲ್ಲ. 70 ದಾಟಿದವರ ಆಸ್ಪತ್ರೆ ವೆಚ್ಚವನ್ನು ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಭರಿಸುವ ಯೋಜನೆಯನ್ನು ಕೇಂದ್ರವು 2024ರ ಅಕ್ಟೋಬರಿನಲ್ಲಿ ಪ್ರಾರಂಭಿಸಿತು. ಒಳ್ಳೆಯದೇ. ಸೊಂಟದ ಮೂಳೆ ಮುರಿದ ಮೇಲೆ ಲಕ್ಷಗಳ ಮಾತನಾಡುವ ಬೊಕ್ಕಸಕ್ಕೆ, ಮುರಿಯುವ ಮೊದಲು 14 ಸಾವಿರ ಕೊಡುವ ಬುದ್ಧಿ ಏಕಿಲ್ಲ? ಗಾಲಿಕುರ್ಚಿಗೆ ತೆರಿಗೆ ಶೇಕಡಾ 5. ಅದನ್ನು ಬೇಡವೆನಿಸಬಲ್ಲ ಟೈಲ್ಸಿಗೂ ನಲ್ಲಿಗೂ ಶೇಕಡಾ 18. ಮಾರುವ ವ್ಯಾಪಾರಿಗೆ ಈ ತೆರಿಗೆಯಿಂದ ಲಾಭವಿಲ್ಲ. ಕೊಳ್ಳುವವನ ಶಾಪ ಮಾತ್ರ ಅವನಿಗೇ.

ಇದು ಆಗದ ಕೆಲಸವೆನ್ನುವವರು ಹೊರಗೆ ನೋಡಲಿ. ಜಪಾನಿನಲ್ಲಿ 2000ದಲ್ಲಿ ಜಾರಿಗೆ ಬಂದ ಆರೈಕೆ ವಿಮೆಯು, ಆರೈಕೆ ಬೇಕೆಂದು ನಿರ್ಣಯವಾದ ವೃದ್ಧರ ಮನೆಯಲ್ಲಿ ಹಿಡಿಗಂಬಿ ಹಾಕಲು, ಮೆಟ್ಟಿಲಿನ ಏರುಪೇರು ತೆಗೆಯಲು, ಜಾರದ ನೆಲ ಹಾಸಲು 2 ಲಕ್ಷ ಯೆನ್‌ವರೆಗಿನ ಕೆಲಸವನ್ನು ಒಪ್ಪುತ್ತದೆ. ಸಾಮಾನ್ಯವಾಗಿ ಅದರ ಹತ್ತರಲ್ಲಿ ಒಂಬತ್ತು ಪಾಲು ವಿಮೆಯದು. ನಲವತ್ತು ವಯಸ್ಸಿನಿಂದ ಜನರೇ ಅದಕ್ಕೆ ಕಂತು ಕಟ್ಟುತ್ತಾರೆ. ಇಂಗ್ಲೆಂಡಿನಲ್ಲಿ ಅಂಗವೈಕಲ್ಯವುಳ್ಳವರ ಮನೆ ಮಾರ್ಪಾಡಿಗೆ ಸ್ಥಳೀಯ ಕೌನ್ಸಿಲು 30,000 ಪೌಂಡ್‌ವರೆಗೆ ಕೊಡುತ್ತದೆ. ವರಮಾನ ನೋಡಿ ಪಾಲು ಕೇಳುತ್ತದೆ. ಅರ್ಜಿಗೆ ಆರು ತಿಂಗಳೊಳಗೆ ಉತ್ತರ ಕೊಡಬೇಕೆಂಬ ಕಾನೂನೂ ಅಲ್ಲಿದೆ. ನಾವು ಕೇಳುತ್ತಿರುವುದು ಅದರ ಸಣ್ಣದೊಂದು ಅಂಶವನ್ನು.

ನಮ್ಮ ರಾಜ್ಯದ ಪೌರಸಂಸ್ಥೆಗಳು ಶೇಕಡಾ 5ರ ನಿಧಿಯನ್ನು ಅಂಗವಿಕಲರ ಕಲ್ಯಾಣಕ್ಕೆಂದು ತೆಗೆದಿಡಬೇಕೆಂಬ ನಿಯಮವಿದೆ. ನಡೆಯಲಾರದ ವೃದ್ಧರ ಬಚ್ಚಲಿನ ದುರಸ್ತಿಯನ್ನು ನಗರಸಭೆಯು ಅದರಿಂದಲೇ ಪ್ರಾರಂಭಿಸಲಿ. ಸಾಲದ್ದನ್ನು ರಾಜ್ಯ ಸರ್ಕಾರ ತುಂಬಿಕೊಡಲಿ. ಹಿಡಿಗಂಬಿ, ಜಾರದ ಟೈಲ್ಸುಗಳ ತೆರಿಗೆ ಗಾಲಿಕುರ್ಚಿಯ ಮಟ್ಟಕ್ಕೆ ಇಳಿಯಲಿ. ಬಾಡಿಗೆ ಮನೆಯಲ್ಲಿರುವ ವೃದ್ಧರು ಎರಡು ತಿರುಪು ಹಾಕಿಸಲು ಮಾಲೀಕನ ಮುಂದೆ ಕೈಮುಗಿದು ನಿಲ್ಲಬೇಕಾಗಿದೆ. ಇಂಥ ಕೆಲಸಕ್ಕೆ ಮಾಲೀಕರು ಅಡ್ಡಿ ಮಾಡಕೂಡದೆಂದು ಕಾನೂನಾಗಲಿ.

ಅಲ್ಲಿಯವರೆಗೆ ನಾವು ಸುಮ್ಮನಿರಬೇಕೆಂದೇನೂ ಇಲ್ಲ. 14,000 ಇಲ್ಲದಿದ್ದರೆ ಮೊದಲು 3,000ದಲ್ಲಿ ಎರಡು ಹಿಡಿಗಂಬಿ, ಒಂದು ಸ್ಟೂಲು ಬರಲಿ. ಹಾರ್ಡ್‌ವೇರ್ ವ್ಯಾಪಾರಿಗಳು ಕಂತಿನ ಮೇಲೆ ಸಾಮಾನು ಕೊಡಬಹುದು. ಕಾರ್ಮಿಕ ಸಂಘಗಳು ಗಾರೆ ಕೆಲಸದ ಸಂಗಾತಿಗಳೊಡನೆ ಕುಳಿತು ಓಣಿಗೊಂದು ದಿನ ಗೊತ್ತುಮಾಡಬಹುದು. ಪ್ರತಿ ವಾರ್ಡಿನಲ್ಲಿಯೂ ಇಂಥ ಮನೆಗಳ ಪಟ್ಟಿ ಬರೆದು, ಅರ್ಜಿಗಳನ್ನು ಒಟ್ಟಿಗೆ ನಗರಸಭೆಗೆ ಒಯ್ಯೋಣ. ಒಬ್ಬೊಬ್ಬರ ಅರ್ಜಿ ಕಡತದಲ್ಲಿ ಮಲಗುತ್ತದೆ. ನೂರು ಮನೆಯವರು ಒಟ್ಟಾಗಿ ಬಂದರೆ ಅಧ್ಯಕ್ಷರು ಎದ್ದು ಬಂದು ಮಾತನಾಡಲೇಬೇಕಾಗುತ್ತದೆ.